ಶಿರಸಿಯಿಂದ ಗೋಕರ್ಣಕ್ಕೆ ಸೈಕಲ್: ರೋಡ್ ಬೈಕಾ, ಎಂಟಿಬಿಯಾ?

ಬೆಟ್ಟದ ಮಾಣಿ, ಶಿರಸಿ

ಎಲ್ಲರಿಗೂ ನಮಸ್ಕಾರ. ಶಿರಸಿ ಪೇಟೆಯಿಂದ ಎಂಟು ಕಿಲೋಮೀಟರ್ ಒಳಗೆ ನಮ್ಮ ಮನೆ. ಎರಡು ವರ್ಷದಿಂದ ಗೇರ್ ಸೈಕಲ್ ತುಳಿಯುತ್ತಿದ್ದೇನೆ. ಸೋಂದೆ, ಸಹಸ್ರಲಿಂಗ, ಬನವಾಸಿ, ಇಷ್ಟೇ ನನ್ನ ಪ್ರಪಂಚ. ಶಿರಸಿಯಿಂದ ಬನವಾಸಿಗೆ ಹೋಗಿ ಬಂದರೆ 45 ಕಿ.ಮೀ. ಚಿಲ್ಲರೆ. ಅಷ್ಟಕ್ಕೇ ದೊಡ್ಡ ಸಾಹಸ ಮಾಡಿದವನ ಹಾಗೆ ಕಾಲಿಗೆ ಎಣ್ಣೆ ಹಚ್ಚಿಕೊಂಡು ಜಗಲಿ ಮೇಲೆ ಕೂರುತ್ತೇನೆ.

ಈಗ ಆಸೆ ದೊಡ್ಡದಾಗಿದೆ. ದೇವಿಮನೆ ಘಟ್ಟ ಇಳಿದು ಗೋಕರ್ಣಕ್ಕೆ ಹೋಗಬೇಕು. ಒಂದು ರಾತ್ರಿ ಉಳಿದು ಮಾರನೇ ದಿನ ಅದೇ ಘಟ್ಟ ಹತ್ತಿ ಬರಬೇಕು. ಒಂದು ದಿಕ್ಕಿಗೆ 80 ಕಿ.ಮೀ. ಆಸುಪಾಸು. ಇರುವ ಹೈಬ್ರಿಡ್ ಸೈಕಲ್ ಮಾರಿ ಹೊಸದು ತೆಗೆಯೋಣ ಅಂತಿದ್ದೇನೆ. ಅಂಗಡಿಯವರು ಡಾಂಬರಿಗೆಂದೇ ಮಾಡಿದ ಸಪೂರ ಟೈರಿನ ರೋಡ್ ಬೈಕ್ ಅನ್ನುತ್ತಾರೆ. ಭಾವ ಎಂಟಿಬಿ, ಅಂದರೆ ಗುಡ್ಡಬೆಟ್ಟಕ್ಕೆ ಮಾಡಿದ ದಪ್ಪ ಟೈರಿನ ಮೌಂಟೇನ್ ಬೈಕ್ ಅನ್ನುತ್ತಾನೆ. ಅಪ್ಪ ಮಾತ್ರ "ಬಸ್ಸಿಗೆ ಹೋದ್ರೆ ಆಗ್ತಿಲ್ಯನೋ ತಮಾ?" ಅಂದು ಕವಳ ಹಾಕಿಕೊಂಡು ಸುಮ್ಮನಾದರು. ನೀವೇ ಹೇಳಿ.

ಲಾಂಗ್ ರೈಡ್ ಹುಬ್ಬಳ್ಳಿ

ರೋಡ್ ಬೈಕ್, ಎರಡು ಮಾತಿಲ್ಲ. ದಾರಿ ಪೂರಾ ಡಾಂಬರು ಇದ್ದಾಗ ಎಂಟಿಬಿಯ ಶಾಕ್ ಅಬ್ಸಾರ್ಬರ್ ಯಾಕೆ ಹೊತ್ತು ತಿರುಗಬೇಕ್ರಿ? ಏರುವಾಗ ತುಳಿದ ಶಕ್ತಿಯಲ್ಲಿ ಒಂದಿಷ್ಟು ಅದರ ಸ್ಪ್ರಿಂಗೇ ತಿಂದುಬಿಡುತ್ತದೆ. ನಾನು 200 ಕಿ.ಮೀ. ಬ್ರೆವೆ, ಅಂದರೆ ಗಡುವಿನೊಳಗೆ ಮುಗಿಸುವ ದೂರದ ಸೈಕಲ್ ಸವಾರಿ, ಮಾಡಿದವನು. ಹದಿಮೂರೂವರೆ ತಾಸಿನಲ್ಲಿ ಮುಗಿಸಬೇಕು, ಇಲ್ಲದಿದ್ದರೆ ಲೆಕ್ಕಕ್ಕಿಲ್ಲ. ದಪ್ಪ ಟೈರಿನಲ್ಲಿ ಆಗದೇ ಇಲ್ಲ ಅಂತಲ್ಲ, ಆದರೆ ಕಡೆಯ 50 ಕಿ.ಮೀ. ಅಳಿಸುತ್ತದೆ.

ಸಂಕದ ಆಚೆ, ಸಿದ್ದಾಪುರ

"ದಾರಿ ಪೂರಾ ಡಾಂಬರು" ಅಂದಿರಾ? ಯಾವ ವರ್ಷ ಬಂದಿದ್ದಿರಿ ಸರ್?

ಲಾಂಗ್ ರೈಡ್ ಹುಬ್ಬಳ್ಳಿ

ಒಪ್ಪಿದೆ ಮೇಡಂ. ನಾನು ಇಳಿದದ್ದು ಯಲ್ಲಾಪುರದಿಂದ ಅಂಕೋಲೆಗೆ, ಅರಬೈಲ್ ಘಟ್ಟ. ಅಲ್ಲಿ ರಸ್ತೆಗಿಂತ ಲಾರಿ ನೋಡಿದ್ದೇ ಜಾಸ್ತಿ. ದೇವಿಮನೆ ನೋಡಿಲ್ಲ.

ಅಘನಾಶಿನಿ ಬದಿ, ಕುಮಟಾ

ಮಾಣಿ, ಹೊಸ ಸೈಕಲ್ ಮಾತು ಆಮೇಲೆ. ಈಗಿರುವುದರ ಹಲ್ಲು ಎಣಿಸಿ ಹೇಳು. ಪೆಡಲ್ ಹತ್ತಿರ ಅತಿ ಸಣ್ಣ ಚಕ್ರಕ್ಕೆ ಎಷ್ಟು ಹಲ್ಲು, ಹಿಂದೆ ಅತಿ ದೊಡ್ಡದಕ್ಕೆ ಎಷ್ಟು? ಮುಂದೆ 34, ಹಿಂದೆಯೂ 34 ಇದ್ದರೆ ಪೆಡಲ್ ಒಂದು ಸುತ್ತಿಗೆ ಚಕ್ರವೂ ಒಂದೇ ಸುತ್ತು, ಅಂದರೆ ಎರಡು ಮೀಟರ್ ಚಿಲ್ಲರೆ. ನಿಮಿಷಕ್ಕೆ 60 ಸುತ್ತು ತುಳಿದರೆ ಗಂಟೆಗೆ ಏಳೂವರೆ ಕಿ.ಮೀ. ಘಟ್ಟ ಏರಲು ಅಷ್ಟು ಸಾಕು. ಹಿಂದೆ 28 ಮಾತ್ರ ಇದ್ದರೆ ತಿರುವುಗಳಲ್ಲಿ ನಿಂತು ತುಳಿಯಬೇಕು. ಅದರ ಲೆಕ್ಕವನ್ನು ಮೊಣಕಾಲು ರಾತ್ರಿ ಕೇಳುತ್ತದೆ.

ಆದರೆ ಎಲ್ಲರೂ ಹತ್ತುವುದನ್ನೇ ಕೇಳುತ್ತಾರೆ. ನನಗೆ ಹೆದರಿಕೆ ಇಳಿಯುವುದರದ್ದು. ಶಿರಸಿ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರ, ನಾವು ಇರುವುದು ಸೊನ್ನೆಯಲ್ಲಿ. ನೀನು, ಸೈಕಲ್, ಚೀಲ ಸೇರಿ 85 ಕಿಲೋ ಅಂದುಕೊ. 500 ಮೀಟರ್ ಇಳಿದರೆ ನಾಲ್ಕು ಲಕ್ಷ ಜೂಲ್ ಶಕ್ತಿ ಎಲ್ಲಾದರೂ ಹೋಗಬೇಕಲ್ವಾ? ಅರ್ಧ ಗಾಳಿಗೆ ಹೋಯಿತು ಅಂತ ಬಿಟ್ಟರೂ ಉಳಿದದ್ದೆಲ್ಲ ಬ್ರೇಕಿಗೆ. ಅಷ್ಟು ಬಿಸಿಗೆ ಅರ್ಧ ಲೀಟರಿಗಿಂತ ಜಾಸ್ತಿ ತಣ್ಣೀರು ಕುದಿಯುತ್ತದೆ. ಮೂರು ಲೋಟ ಕಷಾಯ ಮಾಡಬಹುದು.

ನಿನ್ನದು ರಿಮ್ ಬ್ರೇಕ್ ಆದರೆ ಆ ಬಿಸಿ ಪೂರಾ ರಿಮ್ಮಿಗೆ. ಅದರೊಳಗೇ ಟ್ಯೂಬ್ ಕೂತಿರುತ್ತದೆ. ಉದ್ದಕ್ಕೂ ಬ್ರೇಕ್ ಹಿಡಿದೇ ಇಳಿದು ಟ್ಯೂಬ್ ಢಂ ಅಂದವರನ್ನು ನಾನು ನೋಡಿದ್ದೇನೆ. ಡಿಸ್ಕ್ ಆದರೆ ಟ್ಯೂಬ್ ಬಚಾವ್, ಆದರೆ ಪ್ಯಾಡ್ ಕಾದು ಹಿಡಿತ ಕಮ್ಮಿಯಾಗುತ್ತದೆ. ಎರಡಕ್ಕೂ ಮದ್ದು ಒಂದೇ. ತಿರುವಿಗೆ ಮುಂಚೆ ಗಟ್ಟಿಯಾಗಿ ಹಿಡಿ, ತಿರುವಿನಲ್ಲಿ ಬಿಡು, ಗಾಳಿ ಆಡಲಿ. ಹಿಂದಿನ ಬ್ರೇಕ್ ಒಂದನ್ನೇ ನಂಬಬೇಡ, ಇಳಿಜಾರಿನಲ್ಲಿ ಭಾರವೆಲ್ಲ ಮುಂದಿನ ಚಕ್ರದ ಮೇಲೆ ಇರುತ್ತದೆ. ನಡುವೆ ಎರಡು ಸಲ ನಿಂತುಬಿಡು. ಯಾರೂ ನಗುವುದಿಲ್ಲ. ನಕ್ಕರೆ ಮಂಗ ನಗಬೇಕು.

ಸಂಕದ ಆಚೆ, ಸಿದ್ದಾಪುರ

ಇಳಿಯುವಾಗ ಬ್ರೇಕ್ ಸುಡುವುದು ಇವತ್ತಿನ ಕಥೆಯಲ್ಲ. 1976ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಕೆಲವು ಹುಡುಗರು ಗುಜರಿಯಂಥ ದಪ್ಪ ಟೈರಿನ ಸೈಕಲ್ ಹಿಡಿದು ಮಣ್ಣುಗುಡ್ಡ ಇಳಿಯುವ ಪಂದ್ಯ ಶುರು ಮಾಡಿದರು. ಪೆಡಲನ್ನು ಹಿಂದಕ್ಕೆ ತುಳಿದರೆ ಹಬ್ಬಿನೊಳಗೆ ಹಿಡಿಯುವ ಬ್ರೇಕು ಅದು. ಒಂದು ಸಲ ಇಳಿಯುವಷ್ಟರಲ್ಲಿ ಒಳಗಿನ ಗ್ರೀಸ್ ಹೊಗೆಯಾಗಿ ಹೋಗುತ್ತಿತ್ತು, ಮತ್ತೆ ತುಂಬಬೇಕು. ಅದಕ್ಕೇ ಆ ದಾರಿಗೆ 'ರಿಪ್ಯಾಕ್' ಅಂತಲೇ ಹೆಸರು ಬಿತ್ತು. ಎಂಟಿಬಿ ಅನ್ನುವ ಸೈಕಲ್ ಬೆಳೆದದ್ದು ಆ ಗುಂಪಿನಿಂದ. ಇಪ್ಪತ್ತು ವರ್ಷದಲ್ಲಿ, 1996ಕ್ಕೆ, ಒಲಿಂಪಿಕ್ಸಿಗೂ ಹೋಯಿತು. ಶಾಲೆಯಲ್ಲಿ ಘರ್ಷಣೆಯ ಪಾಠ ಬಂದಾಗ ಮಕ್ಕಳಿಗೆ ಇದನ್ನೇ ಹೇಳುತ್ತೇನೆ. ಪುಸ್ತಕದಲ್ಲಿರುವ ಅಂಗೈ ಉಜ್ಜುವ ಉದಾಹರಣೆಗಿಂತ ಚೆನ್ನಾಗಿ ನೆನಪಿರುತ್ತದೆ.

ನನ್ನದು ಎಂಟಿಬಿ, ಆದರೆ ಷೋಕಿಗೆ ತಗೊಂಡಿದ್ದಲ್ಲ. ಬಸ್ ಇಳಿದ ಮೇಲೆ ಶಾಲೆಗೆ ಬೆಟ್ಟದ ದಾರಿಯಲ್ಲೇ ಹೋಗಬೇಕು. ಎರಡು ಕಡೆ ದಣಪೆ (ಬೇಲಿಗೆ ಅಡ್ಡ ಹಾಕಿದ ಗಳದ ಬಾಗಿಲು) ದಾಟಬೇಕು, ಒಂದು ಕಡೆ ಹಳ್ಳದ ಮೇಲಿನ ಕಾಲುಸಂಕ. ಸಂಕದ ಮೇಲೆ ಸೈಕಲ್ಲನ್ನು ಹೆಗಲಿಗೆ ಏರಿಸಿಕೊಂಡು ನಡೆಯುತ್ತೇನೆ. ಮೊದಲ ವಾರ ಮಕ್ಕಳು ಆಚೆ ದಡದಲ್ಲಿ ಸಾಲಾಗಿ ನಿಂತು ನೋಡುತ್ತಿದ್ದರು, ಅಕ್ಕೋರು ಯಾವಾಗ ಬೀಳುತ್ತಾರೆ ಅಂತ. ಬಿದ್ದೆ ಕೂಡ. ಸಂಕದಿಂದ ಅಲ್ಲ, ಸಂಕ ದಾಟಿ ಸೈಕಲ್ ಹತ್ತಿದ ಮೇಲೆ, ಪಾಚಿ ಕಟ್ಟಿದ ಚಿರೆಕಲ್ಲಿನ ಮೇಲೆ ಜಾರಿ. ಒದ್ದೆ ಚಿರೆಕಲ್ಲಿಗೆ ಯಾವ ಕಂಪನಿಯ ಟೈರೂ ಇಲ್ಲ. ಅಲ್ಲಿ ಬ್ರೇಕ್ ಮುಟ್ಟಬಾರದು, ಹ್ಯಾಂಡಲ್ ತಿರುಗಿಸಬಾರದು. ನೆಟ್ಟಗೆ ಹೋಗಬೇಕು, ಇಲ್ಲ ಇಳಿದು ನಡೆಯಬೇಕು.

ಬೇಸಿಗೆಯಲ್ಲಿ ಅದೇ ದಾರಿ ಬೇರೆ ಥರ. ದರಕು, ಅಂದರೆ ಒಣಗಿದ ಎಲೆ, ಮೊಣಕಾಲೆತ್ತರ ಬಿದ್ದಿರುತ್ತದೆ. ಅದರ ಕೆಳಗೆ ಬೇರಿದೆಯೋ, ಕಲ್ಲಿದೆಯೋ, ಹಾವಿದೆಯೋ ದೇವರಿಗೇ ಗೊತ್ತು. ಟೈರಿನ ಗಾಳಿ ಸ್ವಲ್ಪ ಇಳಿಸಿದರೆ ಹಿಡಿತ ಬರುತ್ತದೆ. ಮೆತ್ತಗಿರುವ ದಪ್ಪ ಟೈರ್ ಬೇರಿನ ಮೇಲೆ ಪುಟಿಯುವುದಿಲ್ಲ, ಅಪ್ಪಿಕೊಂಡು ಹೋಗುತ್ತದೆ.

ಇನ್ನೊಂದು, ಇದನ್ನು ಹೊರಗಿನವರು ಯಾರೂ ಹೇಳುವುದಿಲ್ಲ. ಡಿಸೆಂಬರಿನಿಂದ ಮಳೆ ಬೀಳುವ ತನಕ ನಮ್ಮ ಕಡೆ ಮಂಗನ ಕಾಯಿಲೆಯ ಕಾಲ. ಉಣುಗು (ಉಣ್ಣೆ ಹುಳ) ಕಚ್ಚಿ ಬರುವ ಜ್ವರ. ಎಂಟಿಬಿ ಹಿಡಿದು ಕಾಡಿನ ದಾರಿಗೆ ಹೋಗುವವರು ಉದ್ದ ಕಾಲುಚೀಲ ಹಾಕಿ, ದರಕಿನ ಮೇಲೆ ಕೂತು ಫೋಟೋ ತೆಗೆಯಬೇಡಿ, ಮನೆಗೆ ಬಂದ ಕೂಡಲೇ ಬಟ್ಟೆ ಬಿಸಿನೀರಿಗೆ ಹಾಕಿ ಸ್ನಾನ ಮಾಡಿ. ಆರೋಗ್ಯ ಇಲಾಖೆಯವರು ಮೈಗೆ ಹಚ್ಚುವ ಎಣ್ಣೆ ಕೊಡುತ್ತಾರೆ, ಕೇಳಿ ಇಸಿದುಕೊಳ್ಳಿ. ಮಂಗ ಸತ್ತು ಬಿದ್ದ ಸುದ್ದಿ ಇದ್ದರೆ ಆ ಕಡೆ ಹೋಗಲೇಬೇಡಿ. ಮಳೆಗಾಲದಲ್ಲಿ ರಕ್ತ ಹೀರುವ ಉಂಬಳ ಇದರ ಮುಂದೆ ಪಾಪದ ಪ್ರಾಣಿ, ಸುಣ್ಣ ಮುಟ್ಟಿಸಿದರೆ ಬಿಡುತ್ತದೆ.

ಕಾಳಿ ತೀರ, ಕಾರವಾರ

ಅಕ್ಕೋರೇ, ನಿಮ್ಮಲ್ಲಿ ಉಣುಗು, ನಮ್ಮಲ್ಲಿ ಉಪ್ಪು. ಟಾಗೋರ್ ಕಡಲತೀರದಲ್ಲಿ ಇಳಿತದ ಹೊತ್ತಿಗೆ ಒದ್ದೆ ಮರಳು ಸಿಮೆಂಟಿನ ಹಾಗೆ ಗಟ್ಟಿ ಇರುತ್ತದೆ. ಬೆಳಿಗ್ಗೆ ಆರಕ್ಕೆ ಅಲ್ಲಿ ಸೈಕಲ್ ಓಡಿಸುವ ಸುಖ ಹೇಳಲಾರೆ. ರವೀಂದ್ರನಾಥ ಟಾಗೋರರು ಇಪ್ಪತ್ತರ ಆಸುಪಾಸಿನ ವಯಸ್ಸಿನಲ್ಲಿ ಇಲ್ಲಿದ್ದರು, ಅವರ ಅಣ್ಣ ಇಲ್ಲಿ ಜಿಲ್ಲಾ ನ್ಯಾಯಾಧೀಶರು. ಕವಿತೆ ಬರುವಂಥ ಜಾಗವೇ. ನನಗೆ ಬಂದದ್ದು ತುಕ್ಕು. ಮೊದಲ ವರ್ಷ ತೊಳೆಯದೆ ಇಟ್ಟು ಚೈನ್, ಬೇರಿಂಗ್, ಬ್ರೇಕಿನ ಕೇಬಲ್ ಮೂರೂ ಹೋದವು. ಈಗ ಬಂದ ತಕ್ಷಣ ಬಾವಿ ನೀರು ಹಾಕಿ, ಒರೆಸಿ, ಚೈನಿಗೆ ಎಣ್ಣೆ ಬಿಟ್ಟು ಆಮೇಲೆ ನನಗೆ ಚಾ. ಪೈಪ್ ಹಿಡಿದು ಜೋರಾಗಿ ನೀರು ಹೊಡೆಯಬೇಡಿ, ಉಪ್ಪುನೀರು ಬೇರಿಂಗ್ ಒಳಗೇ ಹೋಗುತ್ತದೆ.

ಸದಾಶಿವಗಡದ ಕಡೆ ಹೋಗುವುದು ಈಗ ಕಮ್ಮಿ ಮಾಡಿದ್ದೇನೆ. 2024ರ ಆಗಸ್ಟ್ 7ರ ನಡುರಾತ್ರಿ ಕಾಳಿಯ ಹಳೇ ಸೇತುವೆ ಕುಸಿಯಿತಲ್ಲ, ಹಿಂದಿನ ಸಂಜೆ ಅದರ ಮೇಲೇ ನಿಂತು ನೀರು ಕುಡಿದಿದ್ದೆ. ಈಗಲೂ ಸೇತುವೆ ಬಂದರೆ ಕಾಲು ತಾನಾಗಿ ಜೋರು ತುಳಿಯುತ್ತದೆ. ಬದಲಿಗೆ ಕದ್ರಾ ಕಡೆ ಹೋಗುತ್ತೇನೆ. ನದಿ ಪಕ್ಕದ ದಾರಿ, ಏರು ಕಮ್ಮಿ, ಬೆಳಿಗ್ಗೆ ಮಂಗಟ್ಟೆ ಹಕ್ಕಿ ಹಾರುವ ಸದ್ದು ಕೇಳುತ್ತದೆ. ಕದ್ರಾದಿಂದ ಮುಂದೆ ಅಣಶಿ ಘಟ್ಟ ಹತ್ತುವವರು ಅದು ಹುಲಿ ಸಂರಕ್ಷಿತ ಪ್ರದೇಶ ಅನ್ನುವುದು ಮರೆಯಬೇಡಿ. ಮೊದಲು ಗೇಟಿನಲ್ಲಿ ವಿಚಾರಿಸಿ, ಕತ್ತಲಾಗುವ ಮುಂಚೆ ದಾಟಿ.

ಹಳೇ ಅಟ್ಲಾಸ್, ಹೊನ್ನಾವರ

ಮಕ್ಕಳೇ, ನಿಮ್ಮ ಮಾತು ಕೇಳಿ ನಗು ಬರುತ್ತದೆ. 29 ಇಂಚಿನ ಎಂಟಿಬಿ ಅಂತ ಮೊಮ್ಮಗ ಕುಣಿಯುತ್ತಿದ್ದ. ಅಳೆದು ತೋರಿಸಿದೆ. ಅವನ 29ರ ರಿಮ್ಮೂ ರೋಡ್ ಬೈಕಿನ 700ರ ರಿಮ್ಮೂ ಒಂದೇ, ಟೈರ್ ಕೂರುವ ಜಾಗ 622 ಮಿಲಿಮೀಟರ್. ನನ್ನ ಅಟ್ಲಾಸಿನ 28 ಒಂದೂವರೆ ಇದೆಯಲ್ಲ, ಅದು 635. 28 ಅನ್ನುವುದು 29ಕ್ಕಿಂತ ದೊಡ್ಡದು! ಈ ಲೆಕ್ಕ ಬರೆದವರು ಯಾರೋ ನನ್ನ ಕೈಗೆ ಸಿಕ್ಕಿದ್ದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ.

ಬ್ರೇಕಿನ ಮಾತು ಬಂತಲ್ಲ. ಹುಡುಗರಾಗಿದ್ದಾಗ ನಾನೂ ಗೆಳೆಯನೂ ಮಳೆಗಾಲದಲ್ಲಿ ಜೋಗ ನೋಡಲು ಹೋಗಿದ್ದೆವು. ಗೇರುಸೊಪ್ಪದಿಂದ ಮೇಲಕ್ಕೆ ಸೈಕಲ್ ಹೊಡೆದದ್ದು ಕಮ್ಮಿ, ನೂಕಿದ್ದೇ ಜಾಸ್ತಿ. ನೂಕುವುದಕ್ಕೆ ನಾಚಿಕೆ ಯಾಕೆ? ಬರುವಾಗ ನೋಡಿ ಮಜಾ. ಕಂಬಿ ಬ್ರೇಕು, ರಿಮ್ ಪೂರಾ ಒದ್ದೆ, ಹಿಡಿದರೆ ಸೋಪಿನ ಹಾಗೆ ಜಾರುತ್ತದೆ. ಗೆಳೆಯ ಉಪಾಯ ಮಾಡಿದ. ದಾರಿ ಬದಿ ಬಿದ್ದಿದ್ದ ಒಂದು ಸೊಪ್ಪಿನ ಟೊಂಗೆಯನ್ನು ಹಗ್ಗದಿಂದ ಕ್ಯಾರಿಯರಿಗೆ ಕಟ್ಟಿದ. ಅದು ಹಿಂದೆ ನೆಲ ಉಜ್ಜುತ್ತ ಬರುವಾಗ ಸೈಕಲ್ ಎಮ್ಮೆಯ ಹಾಗೆ ನಿಧಾನ. ಚೆನ್ನಾಗಿ ಇಳಿದೆವು. ಕೆಳಗೆ ಬಂದರೆ ಫಾರೆಸ್ಟ್ ಗಾರ್ಡ್ ಅಡ್ಡ ಹಾಕಿದ, ಟೊಂಗೆ ಎಲ್ಲಿ ಕಡಿದಿರಿ ಅಂತ. ಬ್ರೇಕು ಸ್ವಾಮಿ ಅಂದರೆ ನಂಬಲೇ ಇಲ್ಲ. ಒಂದು ತಾಸು ಕೂರಿಸಿ, ಕಡೆಗೆ ಟೊಂಗೆ ಇಟ್ಟುಕೊಂಡು ನಮ್ಮನ್ನು ಬಿಟ್ಟ.

ಲಾಂಗ್ ರೈಡ್ ಹುಬ್ಬಳ್ಳಿ

ಮಾಸ್ತರ್ರೇ, ಇದನ್ನು ಓದಿ ಆಫೀಸಿನಲ್ಲಿ ಒಬ್ಬನೇ ನಕ್ಕೆ.

ಬೆಟ್ಟದ ಮಾಣಿ, ಶಿರಸಿ

ಹಲ್ಲು ಎಣಿಸಿದೆ. ಮುಂದೆ ಸಣ್ಣದಕ್ಕೆ 28, ಹಿಂದೆ ದೊಡ್ಡದಕ್ಕೆ 34. ಕುಮಟಾ ಅಣ್ಣನ ಲೆಕ್ಕದಲ್ಲಿ ಗಂಟೆಗೆ ಆರು ಕಿ.ಮೀ. ಚಿಲ್ಲರೆ ಬಂತು. ಹಾಗಾದರೆ ಇರುವ ಸೈಕಲ್ಲೇ ಸಾಕಾ? ಅಂಗಡಿಯವರಿಗೆ ಏನು ಹೇಳಲಿ?

ಅಘನಾಶಿನಿ ಬದಿ, ಕುಮಟಾ

ಮದುವೆ ಮುರಿದುಹೋಯಿತು ಅಂತ ಹೇಳು. ದುಡ್ಡು ಜಾಸ್ತಿಯಾಗಿದ್ದರೆ ಹೊಸ ಬ್ರೇಕ್ ಪ್ಯಾಡ್, ಒಳ್ಳೆ ಎರಡು ಟೈರ್, ಎರಡು ಸ್ಪೇರ್ ಟ್ಯೂಬ್ ತಗೋ. 35 ಮಿ.ಮೀ. ಅಗಲದ ಟೈರ್ ಕೂರುತ್ತದಾ ನೋಡು. ರಸ್ತೆ ಕೆಲಸ ನಡೆದ ಕಡೆ ಜಲ್ಲಿ ಇದ್ದರೂ ನಡೆಯುತ್ತದೆ, ಡಾಂಬರಿನಲ್ಲೂ ಎಳೆಯುವುದಿಲ್ಲ.

ಕುಮಟೆಗೆ ಬಂದ ಮೇಲೆ ಹೆದ್ದಾರಿಯಲ್ಲಿ ಮಿರ್ಜಾನ, ಮಾದನಗೇರಿ ಅಂತ ಸುತ್ತಬೇಡ. ಅಘನಾಶಿನಿ ಊರಿಗೆ ಹೋಗಿ ದೋಣಿ ಹತ್ತು, ತದಡಿಯಲ್ಲಿ ಇಳಿ. ಅಲ್ಲಿಂದ ಗೋಕರ್ಣ ಹತ್ತಿರ. ಮಿರ್ಜಾನ ಕೋಟೆ ನೋಡಬೇಕಾದರೆ ಬರುವ ದಿನ ಹೆದ್ದಾರಿ ಹಿಡಿ.

ವೀಕೆಂಡ್ ಪೆಡಲ್, ಬೆಂಗಳೂರು

ಹಾಯ್ ಎಲ್ಲರಿಗೂ! ನಾವು ಆರು ಜನ ಜುಲೈನಲ್ಲಿ ಇದೇ ರೂಟ್ ಮಾಡೋಣ ಅಂತಿದ್ದೇವೆ. ಮಳೆಯಲ್ಲಿ ಘಟ್ಟ ಸೂಪರ್ ಇರುತ್ತೆ ಅಲ್ವಾ? ವಿಡಿಯೋ ಮಾಡುವ ಪ್ಲಾನ್ ಇದೆ.

ಅಘನಾಶಿನಿ ಬದಿ, ಕುಮಟಾ

ಸೂಪರ್ ಇರುತ್ತದೆ, ಕಿಟಕಿಯಿಂದ ನೋಡಲು. ಬೇಜಾರು ಮಾಡಿಕೊಳ್ಳಬೇಡಿ, ಕಾರಣ ಹೇಳುತ್ತೇನೆ. ರಸ್ತೆ ಅಗಲ ಮಾಡಲು ಗುಡ್ಡವನ್ನು ನೆಟ್ಟಗೆ ಕಡಿದಿದ್ದಾರೆ. ಮಳೆ ನೀರು ಇಳಿದರೆ ಮಣ್ಣು ಸಡಿಲ. 2024ರ ಜುಲೈ 16ರಂದು ಅಂಕೋಲೆ ಹತ್ತಿರ ಶಿರೂರಿನಲ್ಲಿ ಗುಡ್ಡ ಜರಿದು ಹೆದ್ದಾರಿ ದಾಟಿ ಗಂಗಾವಳಿ ನದಿಗೆ ಹೋಯಿತು. ರಸ್ತೆ ಬದಿಯ ಚಾ ಅಂಗಡಿ, ಅಲ್ಲಿ ನಿಂತಿದ್ದವರು, ಎಲ್ಲ ಹೋದರು. ನಾವು ಸೈಕಲ್ಲಿನವರು ನಿಲ್ಲುವುದು ಅಂಥ ಜಾಗದಲ್ಲೇ ಅಲ್ವಾ? ನೆರಳಿದೆ, ಚಾ ಇದೆ, ಗುಡ್ಡದಿಂದ ತಣ್ಣೀರು ಬೀಳುತ್ತದೆ. ಅಲ್ಲಿ ಎಷ್ಟೋ ಸಲ ಸೈಕಲ್ ಒರಗಿಸಿ ನಿಂತವನು ನಾನು. ಆಮೇಲಿಂದ ಕಡಿದ ಗುಡ್ಡದ ಬುಡದಲ್ಲಿ ಪಂಕ್ಚರ್ ಆದರೂ ನೂಕಿಕೊಂಡು ಮುಂದೆ ಹೋಗುತ್ತೇನೆ. ದೇವಿಮನೆ ಘಟ್ಟವನ್ನೂ ಮಳೆಗಾಲದಲ್ಲಿ ಬಂದ್ ಮಾಡಿದ್ದು ಉಂಟು. ನವೆಂಬರಿನಲ್ಲಿ ಬನ್ನಿ. ಹಸಿರು ಎಲ್ಲಿಗೂ ಓಡಿಹೋಗುವುದಿಲ್ಲ.

ವೀಕೆಂಡ್ ಪೆಡಲ್, ಬೆಂಗಳೂರು

ಸರಿ ಸರ್. ನವೆಂಬರ್.

ಬೆಟ್ಟದ ಮಾಣಿ, ಶಿರಸಿ

ಹೋಗಿ ಬಂದೆ! ಉದ್ದ ಬರೆಯುತ್ತೇನೆ, ಬೈಯಬೇಡಿ.

ಶನಿವಾರ ಬೆಳಿಗ್ಗೆ ಐದೂಮುಕ್ಕಾಲಿಗೆ ಮನೆ ಬಿಟ್ಟೆ. ಎರಡು ತೆಳ್ಳೇವು ಜೋನಿಬೆಲ್ಲದಲ್ಲಿ ಅದ್ದಿ ತಿಂದು, ನಾಲ್ಕು ಬಾಳೆಹಣ್ಣು ಚೀಲಕ್ಕೆ. ರಾಗಿಹೊಸಳ್ಳಿ ತನಕ ಮಂಜು. ಕನ್ನಡಕ ಒರೆಸಿ ಒರೆಸಿ ಸಾಕಾಯಿತು. ಘಟ್ಟದ ತಲೆಯಲ್ಲಿ ದೇವಿ ಗುಡಿ ಹತ್ತಿರ ನಿಂತು ಬ್ರೇಕ್ ಎರಡೆರಡು ಸಲ ಹಿಡಿದು ನೋಡಿದೆ. ಪಕ್ಕದಲ್ಲಿ ನಿಂತ ಲಾರಿ ಡ್ರೈವರ್ ನನಗಿಂತ ಭಕ್ತಿಯಿಂದ ಕೈ ಮುಗಿಯುತ್ತಿದ್ದ. ಅದು ನೋಡಿ ಇನ್ನಷ್ಟು ಹೆದರಿಕೆಯಾಯಿತು.

ಇಳಿಯುವಾಗ ಹೇಳಿದ ಹಾಗೇ ಮಾಡಿದೆ. ಹಿಡಿ, ಬಿಡು, ಹಿಡಿ, ಬಿಡು. ಆದರೂ ಎರಡನೇ ಸಲ ನಿಂತು ರಿಮ್ ಮುಟ್ಟಿದರೆ ಚುರ್ ಅಂತು. ಕಷಾಯದ ಲೆಕ್ಕ ಸುಳ್ಳಲ್ಲ. ಕೆಳಗೆ ಇಳಿಯುತ್ತಿದ್ದ ಹಾಗೆ ಗಾಳಿಯೇ ಬದಲಾಯಿತು. ಮೇಲೆ ಜಾಕೆಟ್ ಹಾಕಿದವನು ಕತಗಾಲಕ್ಕೆ ಬರುವಾಗ ಅದನ್ನು ಸೊಂಟಕ್ಕೆ ಕಟ್ಟಿಕೊಂಡಿದ್ದೆ.

ಕಷ್ಟ ಬಂದದ್ದು ಘಟ್ಟದಲ್ಲಿ ಅಲ್ಲ, ಸಮತಟ್ಟಿನಲ್ಲಿ. ಕುಮಟೆಯಲ್ಲಿ ಬನ್ಸ್ ತಿಂದು ಹೊರಟೆ, ಹತ್ತು ನಿಮಿಷಕ್ಕೆ ಹಿಂದಿನ ಟೈರ್ ಕೂತಿತು. ಸ್ಪೇರ್ ಟ್ಯೂಬ್ ಹಾಕಿದೆ, ಆದರೆ ನನ್ನ ಕೈಪಂಪಿನ ವಾಷರ್ ಸತ್ತಿತ್ತು. ಹೊಸ ಟ್ಯೂಬಿಗೆ ಪ್ರೆಸ್ಟಾ ವಾಲ್ವ್, ಆ ಸಪೂರ ಮೂತಿಯದು. ಪೆಟ್ರೋಲ್ ಬಂಕಿನ ಪೈಪ್ ಅದಕ್ಕೆ ಕೂರುವುದಿಲ್ಲ. ಒಬ್ಬ ಸೈಕಲ್ ರಿಪೇರಿಯ ಅಜ್ಜನ ಅಂಗಡಿಗೆ ನೂಕಿಕೊಂಡು ಹೋದೆ. ಅವರು ವಾಲ್ವನ್ನು ತಿರುಗಿಸಿ ತಿರುಗಿಸಿ ನೋಡಿ "ಇದು ಎಂಥ ಮೂಗುತಿ ಮಾರಾಯಾ?" ಅಂದರು. ಕಡೆಗೆ ಹಳೇ ಟ್ಯೂಬಿಗೇ ಪ್ಯಾಚ್ ಹಾಕಿ, ಗಾಳಿ ತುಂಬಿ ಕೊಟ್ಟರು. ಎಲ್ಲರೂ ಒಂದು ಹಿತ್ತಾಳೆ ಅಡಾಪ್ಟರ್ ಚೀಲದಲ್ಲಿ ಇಟ್ಟುಕೊಳ್ಳಿ. ಬೆರಳ ತುದಿಯಷ್ಟಿದೆ, ಅದಿಲ್ಲದೆ ನನ್ನ ಒಂದೂವರೆ ತಾಸು ಹೋಯಿತು.

ಅಷ್ಟೊತ್ತಿಗೆ ಬಿಸಿಲು ನೆತ್ತಿಗೆ. ನಮ್ಮ ಕಡೆ ಬೆವರು ಬಂದರೆ ಒಣಗುತ್ತದೆ, ಅಲ್ಲಿ ಬಂದದ್ದು ಮೈಮೇಲೇ ಇರುತ್ತದೆ. ಒಂದು ಮನೆಯಲ್ಲಿ ನೀರು ಕೇಳಿದ್ದಕ್ಕೆ ಮುರುಗಲು ಪಾನಕಕ್ಕೆ ಉಪ್ಪು ಹಾಕಿ ಕೊಟ್ಟರು. ಎರಡು ಚೊಂಬು ಕುಡಿದೆ. ಉಪ್ಪುನೀರು ಬರುವ ಗಜನಿ ಗದ್ದೆ, ಸಿಗಡಿ ಹೊಂಡ, ಬೆಳ್ಳಕ್ಕಿ ಸಾಲು ನೋಡುತ್ತ ದೋಣಿ ಕಟ್ಟೆಗೆ ಬಂದೆ. ದೋಣಿಯಲ್ಲಿ ಬೈಕ್‌ಗಳ ನಡುವೆ ನನ್ನ ಸೈಕಲ್. ಮೀನು ಬುಟ್ಟಿ ಇಟ್ಟುಕೊಂಡಿದ್ದ ಅಮ್ಮ ಒಬ್ಬರು ಶಿರಸಿಯಿಂದ ಬಂದೆ ಅಂದಿದ್ದಕ್ಕೆ "ಪೆಟ್ರೋಲ್ ರೇಟ್ ಅಷ್ಟು ಜಾಸ್ತಿ ಆಯ್ತಾ?" ಅಂದರು.

ಭಾನುವಾರ ಹತ್ತಿದ ಕಥೆ ಸಣ್ಣದು. ನಸುಕಿಗೇ ಹೊರಟೆ. ಆರು ಕಿ.ಮೀ. ವೇಗದಲ್ಲಿ ಹತ್ತಿದರೆ ಕಾಡು ಪೂರಾ ಕಾಣುತ್ತದೆ. ಎರಡು ಕಡೆ ಇಳಿದು ನೂಕಿದೆ, ಮಾಸ್ತರ್ರನ್ನು ನೆನೆದುಕೊಂಡು. ಮೇಲೆ ಬಂಡಲದ ಹತ್ತಿರ ಒಂದು ಮನೆ ಅಂಗಳದಿಂದ ಅಜ್ಜಿ ಕೂಗಿದರು, "ತಮಾ, ಆಸ್ರಿಗೆ ಎಂತಾರೂ ಬೇಕನೋ?" ಮಜ್ಜಿಗೆ ಕುಡಿದು ಅಲ್ಲೇ ಜಗಲಿಯಲ್ಲಿ ಅರ್ಧ ತಾಸು ನಿದ್ದೆ ಹೊಡೆದೆ.

ಮನೆಗೆ ಬಂದಾಗ ಅಪ್ಪ ಏನೂ ಕೇಳಲಿಲ್ಲ. ಸೈಕಲ್ ಸುತ್ತ ಒಂದು ಸಲ ತಿರುಗಿದರು, ರಿಮ್ ಮುಟ್ಟಿ ನೋಡಿದರು. ಮಾರನೇ ದಿನ ಕೊಟ್ಟಿಗೆ ಅಟ್ಟದ ಮೇಲೆ ಏನೋ ದಡಬಡ ಸದ್ದು. ಹೋಗಿ ನೋಡಿದರೆ ಅಜ್ಜನ ಕಾಲದ ಕರೇ ಸೈಕಲ್ ಕೆಳಗಿಳಿಸುತ್ತಿದ್ದಾರೆ. ಟೈರ್ ಎರಡೂ ಪುಡಿಪುಡಿ. ಮಾಸ್ತರ್ರೇ, ಇದಕ್ಕೆ ಟೈರ್ ಈಗಲೂ ಸಿಗುತ್ತದಾ?

ಹಳೇ ಅಟ್ಲಾಸ್, ಹೊನ್ನಾವರ

ಸಿಗುತ್ತದೆ. ಗೇರ್ ಸೈಕಲ್ ಅಂಗಡಿಗೆ ಹೋಗಬೇಡ, ಹಳೇ ಪೇಟೆಯ ಸೈಕಲ್ ಶಾಪಿಗೆ ಹೋಗು. 28 ಒಂದೂವರೆ ಅಂತ ಕೇಳು. 700ರದ್ದು ಕೊಟ್ಟು "ಎರಡೂ ಒಂದೇ" ಅಂದರೆ ವಾಪಸ್ ಕೊಟ್ಟು ಬಾ. ಟ್ಯೂಬನ್ನೂ ಜೊತೆಗೇ ತಗೋ. ಹಳೆಯದು ಅಟ್ಟದ ಮೇಲೆ ಮಡಚಿದ ಕಡೆಯೆಲ್ಲ ಬಿರಿದಿರುತ್ತದೆ. ಕಂಬಿ ಬ್ರೇಕಿನ ರಬ್ಬರೂ ಕೇಳು, ನಾಲ್ಕು ಬೇಕು. ಘಟ್ಟ ಇಳಿಸುವ ಯೋಚನೆ ಅಪ್ಪನಿಗೆ ಇದ್ದರೆ ಹಗ್ಗವನ್ನೂ ಒಂದು ಮಾರು.